ಅತ್ತೆಯ ಸೊಂಟದಲ್ಲಿ ಕೀಲಿಕೈ

ಊರಾಚೆಯ ಟೊಮ್ಯಾಟೊ ಪ್ಯಾಕಿಂಗ್ ಶೆಡ್ಡಿನ ಹೆಂಗಸರು ಡಾಕ್ಟರಮ್ಮನಿಗೆ ‘ನೀರ್ ಕುಡಿ ಡಾಕ್ಟ್ರು’ ಎಂದು ಹೆಸರಿಟ್ಟಿದ್ದರು. ಉರಿಮೂತ್ರ ಅಂತ ಬಂದರೂ ನೀರು ಕುಡಿ, ಬೆನ್ನುನೋವು ಅಂತ ಬಂದರೂ ನೀರು ಕುಡಿ. ಹೆಂಗಸರು ಹೂಂ ಎಂದು ತಲೆಯಾಡಿಸಿ, ಮಾತ್ರೆ ತೆಗೆದುಕೊಂಡು ಹೋಗಿ, ಸ್ವಲ್ಪ ದಿನಕ್ಕೆ ಮತ್ತದೇ ಉರಿ ಹೊತ್ತುಕೊಂಡು ಬರುತ್ತಿದ್ದರು.

ಡಾಕ್ಟರಮ್ಮ ಬರೀ ಮಾತ್ರೆ ಬರೆದುಕೊಟ್ಟು ಕೈ ತೊಳೆದುಕೊಳ್ಳುವವರಲ್ಲ. ದುಡಿಮೆ ಹುಡುಕಿಕೊಂಡು ದೂರದೂರದಿಂದ ಬಂದವರೇ ತುಂಬಿದ್ದ ಈ ಬಡಾವಣೆಗೆ, ದೊಡ್ಡಾಸ್ಪತ್ರೆಯ ಕೆಲಸ ಬಿಟ್ಟು ಬಂದು ಸಣ್ಣ ಕ್ಲಿನಿಕ್ಕು ತೆರೆದಿದ್ದೇ ಕಾಯಿಲೆಯ ಬೇರು ಹುಡುಕುವ ಹುಚ್ಚಿನಿಂದ. ಈ ಹೆಂಗಸರಿಗೆ ತಿಳಿವಳಿಕೆ ಸಾಲದು ಎಂದುಕೊಂಡು, ಅವರದೇ ಭಾಷೆಯಲ್ಲಿ ನಾಲ್ಕು ಸಾಲು ಬರೆಸಿ, ನೀರಿನ ಲೋಟದ ಬಣ್ಣದ ಚಿತ್ರವನ್ನು ಶೆಡ್ಡಿನ ಗೋಡೆಗೆ ಅಂಟಿಸಿದರು. ಲೋಟಕ್ಕೆ ಯಾರೋ ಮೀಸೆ ಬರೆದರು. ಉರಿ ಮಾತ್ರ ಕಡಿಮೆಯಾಗಲಿಲ್ಲ.

ಕೊನೆಗೆ ಶೆಡ್ಡಿನ ಮಾಲೀಕರನ್ನು ಕಂಡು, ಒಂದು ದಿನ ಅಲ್ಲೇ ಕೆಲಸ ಮಾಡಿ ನೋಡುತ್ತೇನೆ ಎಂದರು.

“ಧಾರಾಳವಾಗಿ ಬನ್ನಿ ಡಾಕ್ಟ್ರೇ,” ಮಾಲೀಕರು ನಕ್ಕರು. “ಸಂಬಳ ಮಾತ್ರ ಕೇಳ್ಬೇಡಿ.”

ತಲೆಗೆ ಟೋಪಿ, ಮೂಗಿಗೆ ಮಾಸ್ಕು, ಮೊಣಕಾಲುದ್ದದ ಏಪ್ರನ್. ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹಿರಿಯ ಕೆಲಸಗಾರ್ತಿಯ ಪಕ್ಕದಲ್ಲಿ ನಿಂತು ಡಾಕ್ಟರಮ್ಮ ಹಣ್ಣು ಆರಿಸತೊಡಗಿದರು. ಮಾಗಿದ್ದು ಈ ಕಡೆ, ಕಾಯಿ ಆ ಕಡೆ, ಕೊಳೆತದ್ದು ಕೆಳಗೆ. ತಮ್ಮ ಮಾತನ್ನು ತಾವಾದರೂ ಪಾಲಿಸಬೇಕಲ್ಲ, ಮನೆಯಿಂದ ತಂದ ದೊಡ್ಡ ಬಾಟಲಿಯನ್ನು ಗಟಗಟನೆ ಖಾಲಿ ಮಾಡಿದರು. ದೊಡ್ಡಕ್ಕ ಖಾಲಿ ಬಾಟಲಿಯನ್ನೊಮ್ಮೆ ನೋಡಿ ಮತ್ತೆ ಹಣ್ಣಿಗೆ ಕೈ ಹಾಕಿದಳು.

ಊಟದ ಬಿಡುವು ಇನ್ನೂ ದೂರವಿರುವಾಗಲೇ ಡಾಕ್ಟರಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು. ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿ ಮೇಸ್ತ್ರಿಯ ಹತ್ತಿರ. ಮೇಸ್ತ್ರಿ ನಿಂತಿದ್ದು ಲಾರಿಗೆ ಕ್ರೇಟು ಏರಿಸುವ ಗಂಡಸರ ಗುಂಪಿನ ನಡುವೆ.

“ಕೀಲಿ ಬೇಕಿತ್ತು.”

“ಯಾಕೆ?” ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಕೇಳಿದ. ಮಾಸ್ಕಿನ ಹಿಂದೆ ಇರುವುದು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಯಾಕೆ ಅಂದರೆ ಏನು ಹೇಳುವುದು?

“ಈಗ ತಾನೆ ಬಂದಿದೀಯ, ಆಗ್ಲೇ ಶುರುವಾಯ್ತಾ? ಹೋಗು ಹೋಗು, ಬಿಡುವಾದಾಗ ಬಾ.”

ಲಾರಿಯ ಮೇಲಿದ್ದವರು ಕಿಸಕ್ಕನೆ ನಕ್ಕರು. ನಾನು ಯಾರು ಗೊತ್ತಾ ಎಂದು ಮಾಸ್ಕು ಕಿತ್ತು ಮುಖ ತೋರಿಸಬಹುದಿತ್ತು. ಆದರೆ ಸಭೆಗಳಲ್ಲಿ ಮೈಕು ಹಿಡಿದರೆ ಬಿಡದ ಡಾಕ್ಟರಮ್ಮನಿಗೆ ಆ ಹೊತ್ತು ನಾಲಗೆಯೇ ಏಳಲಿಲ್ಲ. ಹಿಂದಿರುಗಿ ಬಂದು ಹಲ್ಲು ಕಚ್ಚಿಕೊಂಡು ಟೊಮ್ಯಾಟೊ ಆರಿಸಿದರು.

“ಕುಡಿದ್ರೆ ಹೀಗಾಗತ್ತೆ ಡಾಕ್ಟ್ರೇ, ಅದಕ್ಕೇ ನಾವು ಕುಡಿಯೋದಿಲ್ಲ,” ದೊಡ್ಡಕ್ಕ ಪಿಸುಗುಟ್ಟಿದಳು.

ಡಾಕ್ಟರಮ್ಮ ಅದನ್ನೇ ಅಧ್ಯಯನ ಮಾಡಿ ಬರೆದರು. ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ವಲಸೆ ಕಾರ್ಮಿಕರ ಆರೋಗ್ಯ ಸಮಾನತೆ ಕುರಿತ ಸಮ್ಮೇಳನದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಗಾಜಿನ ಫಲಕ ಕೊಟ್ಟರು. ಫಲಕ ಭಾರವಾಗಿದ್ದರಿಂದ ಅವರ ಅತ್ತೆ ಅದನ್ನು ಹಿತ್ತಲ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟರು. ಶೆಡ್ಡಿನ ಬೀಗ ಮಾತ್ರ ಇದ್ದಲ್ಲೇ ಇತ್ತು.

“ನೀನು ಬರೆದಿದ್ದನ್ನ ಆ ಮಾಲೀಕ ಓದಿದಾನಾ?” ಅತ್ತೆ ಕೇಳಿದರು.

“ಕಳಿಸಿದೀನಿ ಅತ್ತೆ. ಬಹಳ ಚೆನ್ನಾಗಿದೆ ಅಂದ್ರು.”

“ಅಂದ್ರೆ ಓದಿಲ್ಲ. ಓದಿದ್ರೂ ತಲೆಗೆ ಹೋಗತ್ತೆ ಅಷ್ಟೆ. ಇದು ತಲೆಗೆ ಹೋದ್ರೆ ಸಾಲದು ಕಣೇ, ಹೊಟ್ಟೆಯಿಂದ ಕೆಳಗೆ ಇಳೀಬೇಕು.”

ಅತ್ತೆ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಅವರ ಕಣ್ಣು ತಪ್ಪಿಸಿ ನೊಣವೂ ಗೇಟು ದಾಟಿರಲಿಲ್ಲ. ಅವತ್ತು ಅತ್ತೆ ಸೊಸೆ ಅಡುಗೆಮನೆಯಲ್ಲಿ ತಲೆಗೆ ತಲೆ ಕೊಟ್ಟು ಕೂತಿದ್ದು ನೋಡಿ, ಇಬ್ಬರೂ ಇಷ್ಟು ಅನ್ಯೋನ್ಯವಾಗಿದ್ದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಡಾಕ್ಟರಮ್ಮನ ಗಂಡ ಅಲ್ಲಿಂದ ಜಾಗ ಖಾಲಿ ಮಾಡಿದರು.

ಮುಂದಿನ ವಾರ ಕ್ಲಿನಿಕ್ಕಿನ ಹಾಲಿನಲ್ಲಿ ಸಭೆ. ಮಾಲೀಕರು, ಮೇಸ್ತ್ರಿ, ಕಾರ್ಮಿಕ ಇಲಾಖೆಯ ಅಧಿಕಾರಿ ಎಲ್ಲರೂ ಬಂದರು. ಹಿಂದಿನ ಬೆಂಚಿನಲ್ಲಿ ದೊಡ್ಡಕ್ಕ ಮತ್ತು ಅವಳ ಜೊತೆಯವರು.

“ಸಭೆ ನಡೀತಿರುವಾಗಲೇ ಒಂದು ಪುಟ್ಟ ಪ್ರಯೋಗ ಇದೆ. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡಬಾರದು ಅಂತ ನಮ್ಮ ನಿಯಮ. ಒಪ್ಪಿಗೆ ಇದ್ದೋರು ಕೈ ಎತ್ತಿ,” ಎಂದರು ಡಾಕ್ಟರಮ್ಮ.

ಮಾಲೀಕರು ಮೊಬೈಲ್ ನೋಡುತ್ತಲೇ ಕೈ ಎತ್ತಿದರು. ಅವರು ಎತ್ತಿದ್ದಕ್ಕೆ ಮೇಸ್ತ್ರಿ ಎತ್ತಿದ. ಎಲ್ಲರೂ ಎತ್ತಿದ್ದಕ್ಕೆ ಅಧಿಕಾರಿ ಎತ್ತಿದರು.

ಮೊದಲು ಶರಬತ್ತು ಬಂತು. ಆಮೇಲೆ ಕಲ್ಲಂಗಡಿ ಹಣ್ಣು. ಕಾಫಿ. ಸೆಕೆ ಅಂತ ಮತ್ತೆ ಶರಬತ್ತು. ಡಾಕ್ಟರಮ್ಮ ಪರದೆಯ ಮೇಲೆ ಒಂದಾದ ಮೇಲೊಂದು ನಕ್ಷೆ ತೋರಿಸುತ್ತ, ಮಾತಿನ ಭರದಲ್ಲಿ ಕೈಗೆ ಸಿಕ್ಕಿದ ಲೋಟಗಳನ್ನೆಲ್ಲ ತಾವೂ ಖಾಲಿ ಮಾಡುತ್ತಿದ್ದರು.

ಮೊದಲು ಎದ್ದವರು ಮಾಲೀಕರು. ಮೂಲೆಯ ಶೌಚಾಲಯಕ್ಕೆ ಬೀಗ. ಅದರ ಮುಂದೆ ಕುರ್ಚಿ ಹಾಕಿಕೊಂಡು, ಸೊಂಟಕ್ಕೆ ಕೀಲಿಕೈ ಸಿಕ್ಕಿಸಿಕೊಂಡು ಅತ್ತೆ ಕೂತಿದ್ದರು.

“ಅಮ್ಮಾ, ಕೀಲಿ...”

“ಯಾಕಪ್ಪಾ?” ಅತ್ತೆಯ ದನಿ ಹಾಲಿನ ಕೊನೆಯ ಬೆಂಚಿಗೂ ಮುಟ್ಟಿತು.

“ಅದೇ... ಅರ್ಜೆಂಟು.”

“ಏನು ಅರ್ಜೆಂಟು? ಬಾಯಿಬಿಟ್ಟು ಹೇಳಪ್ಪ, ಕಿವಿ ಮಂದ ನಂಗೆ. ಈಗ ತಾನೆ ಬಂದಿದೀಯ, ಆಗ್ಲೇ ಶುರುವಾಯ್ತಾ? ಹೋಗು, ಬಿಡುವಾದಾಗ ಬಾ.”

ಹಿಂದಿನ ಬೆಂಚಿನಲ್ಲಿ ದೊಡ್ಡಕ್ಕ ಸೆರಗು ಬಾಯಿಗೆ ತುರುಕಿಕೊಂಡಳು. ಮೇಸ್ತ್ರಿಗೆ ಆ ಮಾತು ಎಲ್ಲೋ ಕೇಳಿದಂತಿದೆ ಅನಿಸಿತು. ಎಲ್ಲಿ ಎಂದು ಹೊಳೆದಾಗ ಅವನ ಮುಖ ಮಾಗಿದ ಟೊಮ್ಯಾಟೊ ಹಣ್ಣಿನಂತಾಯಿತು.

“ಇದೇನು ತಮಾಷೆನಾ ಡಾಕ್ಟ್ರೇ?” ಮಾಲೀಕರು ಸಿಡಿದರು.

“ನಿಮ್ಮ ಶೆಡ್ಡಿನ ನಿಯಮ ಸಾರ್. ಅಲ್ಲಿ ಇದು ತಮಾಷೆ ಅಂತ ಯಾರೂ ಅಂದಿಲ್ಲ,” ಎಂದ ಡಾಕ್ಟರಮ್ಮನ ದನಿ ನಡುಗಿತು. ಅದು ಧೈರ್ಯ ಸಾಲದೆ ನಡುಗಿದ್ದಲ್ಲ. ಅವರು ಮೆಲ್ಲಗೆ ಅತ್ತೆಯ ಹತ್ತಿರ ಸರಿದು, “ಅತ್ತೇ, ನಂಗೊಂದ್ಸಲ...” ಎಂದು ಕೈ ಚಾಚಿದರು.

“ಸಾಲಿನಲ್ಲಿ ನಿಲ್ಲು. ಸೊಸೆ ಅಂತ ಬಿಟ್ರೆ ಪ್ರಯೋಗ ಕೆಟ್ಟೋಗಲ್ವಾ?”

ಈ ಮಾತಿಗೆ ಮೊದಲು ನಕ್ಕವರು ಅಧಿಕಾರಿ. ನಕ್ಕಿದ್ದು ತಪ್ಪಾಯಿತು, ಅವರ ಸ್ಥಿತಿಯಲ್ಲಿ ನಗಬಾರದಿತ್ತು. “ಶೆಡ್ಡಿನ ಬೀಗ ಇವತ್ತೇ ತೆಗೆಸ್ತೀನಿ, ಆದೇಶ ಹೊರಡಿಸ್ತೀನಿ, ಮೊದಲು ಇದನ್ನ ತೆಗೀರಿ ತಾಯಿ!” ಎಂದು ಕೂಗಿಕೊಂಡೇ ಓಡಿ ಬಂದರು. ಮಾಲೀಕರು ಒಂದು ಕ್ಷಣ ಹಟ ಹಿಡಿದು ನಿಂತರು. ಆಮೇಲೆ, “ನನ್ನದೂ ಒಪ್ಪಿಗೆ ಇದೆ,” ಎಂದು ಗೊಣಗಿದರು. ಅತ್ತೆ ಎದ್ದು ಸಾವಕಾಶವಾಗಿ ಬೀಗ ತೆಗೆದರು.

ಮಾಲೀಕರು ಡಾಕ್ಟರಮ್ಮನ ಜೊತೆ ಬಹಳ ದಿನ ಮಾತು ಬಿಟ್ಟರು. ಆದರೆ ಶೆಡ್ಡಿನ ಬೀಗ ಹೋಯಿತು. ಹೆಂಗಸರಿಗೆಂದೇ ಹೊಸ ಶೌಚಾಲಯ ಎದ್ದಿತು. ಅದರ ಉದ್ಘಾಟನೆಗೆ ಮಾಲೀಕರು ಟೇಪು ಕತ್ತರಿಸಿ, ಇದು ತಮ್ಮ ಬಹುದಿನದ ಕನಸೆಂದು ಭಾಷಣ ಮಾಡಿದರು. ಡಾಕ್ಟರಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಉರಿಮೂತ್ರದವರು ಕ್ಲಿನಿಕ್ಕಿಗೆ ಬರುವುದು ಕಡಿಮೆಯಾಗುತ್ತ ಬಂತು.

ಒಂದು ಸಂಜೆ ದೊಡ್ಡಕ್ಕ ಕುಂಟುತ್ತ ಬಂದಳು. “ಉರಿ ಗಿರಿ ಏನಿಲ್ಲ ಡಾಕ್ಟ್ರೇ. ಸಿಮೆಂಟು ನೆಲದ ಮೇಲೆ ದಿನವೆಲ್ಲ ನಿಂತು ನಿಂತು ಹಿಮ್ಮಡಿ ಹಿಡ್ಕೊಂಡಿದೆ. ನಮ್ಮೋರಿಗೆಲ್ಲ ಹೀಗೇನೇ.”

ಡಾಕ್ಟರಮ್ಮ ಅವಳ ಪಾದ ಒತ್ತಿ ನೋಡಿದರು. ಮನೆಗೆ ಬಂದವರೇ ಸೀದಾ ಅಡುಗೆಮನೆಗೆ ಹೋಗಿ ವಿಷಯ ಹೇಳಿದರು.

ಅತ್ತೆ ಕೈ ಒರೆಸಿಕೊಳ್ಳುತ್ತ ಯೋಚಿಸಿದರು. “ಸರಿ, ಸಭೆ ಕರಿ. ಕುರ್ಚಿಗಳನ್ನೆಲ್ಲ ಎತ್ತಿಡೋ ಕೆಲಸ ನಂದು.”