ಅತ್ತೆ ಚೆನ್ನಾಗಿದೆ ಅಂದದ್ದು

ಅತ್ತೆ ಹೊಗಳಿದ್ದು ಕೇಳಿ ಸೊಸೆಯ ಎದೆ ಧಸಕ್ಕೆಂದಿತು. ಹದಿನೆಂಟು ವರ್ಷ ಒಂದೇ ಹೊಲಿಗೆ ಅಂಗಡಿಯಲ್ಲಿ ಅಕ್ಕಪಕ್ಕದ ಮಿಷನ್ನಿಗೆ ಕೂತವರು ಇಬ್ಬರೂ. ಸೊಸೆ ಹೊಲಿದ ಒಂದು ಕಾಲರಾದರೂ ಅತ್ತೆಯ ಕಣ್ಣಿಗೆ ನೆಟ್ಟಗೆ ಕಂಡದ್ದಿಲ್ಲ. ಅಂಥವರು ಇಂದು, ತೋಳು ಸೊಟ್ಟಗೆ ಕೂತಿದ್ದ ಅಂಗಿಯನ್ನು ನೋಡಿ ಚೆನ್ನಾಗಿದೆ ಅಂದಿದ್ದರು.

ಮೂರು ತಿಂಗಳ ಹಿಂದೆ ಅತ್ತೆಗೆ ಸೊಂಟದ ಮೂಳೆಯ ಆಪರೇಷನ್ ಆಗಿತ್ತು. ಆಸ್ಪತ್ರೆಯಲ್ಲಿ ಭ್ರಮೆ ಹಿಡಿದು, ಇಲ್ಲದ ಗಿರಾಕಿಗಳ ಜೊತೆ ಜಗಳಕ್ಕಿಳಿದಾಗ ಒಂದು ಮಾತ್ರೆ ಕೊಟ್ಟರು. ಭ್ರಮೆ ನಾಲ್ಕು ದಿನಕ್ಕೆ ಇಳಿಯಿತು. ಮಾತ್ರೆಯ ಹೆಸರು ಚೀಟಿಯಲ್ಲಿ ಹಾಗೇ ಉಳಿಯಿತು, ಸೊಸೆ ತಪ್ಪದೆ ತಂದು ನುಂಗಿಸಿದಳು. ಸುಳ್ಳೇಕೆ ಹೇಳಲಿ, ಮೊದಮೊದಲು ಅವಳಿಗೆ ಹಾಯೆನಿಸಿತ್ತು. ಬೈಗುಳವಿಲ್ಲ, ಕೊಂಕಿಲ್ಲ. ಆಮೇಲೆ ಅತ್ತೆಯ ಹೆಜ್ಜೆ ನೆಲಕ್ಕೆ ಉಜ್ಜತೊಡಗಿತು, ಬೆರಳು ನಡುಗಿದವು, ಮುಖ ನಗುವುದನ್ನೇ ಮರೆಯಿತು. ವಯಸ್ಸಾಯಿತಲ್ಲ, ಅಂದ ಗಂಡ. ಮೂರೇ ತಿಂಗಳಲ್ಲಿ ಓಡಿ ಬರುವ ವಯಸ್ಸು ಯಾವುದಪ್ಪಾ?

ಮರುದಿನ ಸೊಸೆ ಆ ಅಂಗಿಯನ್ನೇ ಡಾಕ್ಟರ ಮೇಜಿನ ಮೇಲೆ ಹರಡಿದಳು.

"ಇದನ್ನ ನಮ್ಮತ್ತೆ ಚೆನ್ನಾಗಿದೆ ಅಂದ್ರು ಡಾಕ್ಟ್ರೇ. ಅವ್ರಿಗೆ ಏನೋ ಆಗಿದೆ."

ಡಾಕ್ಟರು ನಗಲಿಲ್ಲ. ಅತ್ತೆಯ ಮೊಣಕೈ ಮಡಿಸಿ ನೋಡಿದರು, ನಡೆಸಿದರು, ಚೀಟಿ ಓದಿದರು. ವಯಸ್ಸಾದವರಿಗೆ ಈ ಮಾತ್ರೆ ಹೀಗೆ ಮೈ ಬಿಗಿಸುವುದುಂಟು, ಎಂದೋ ನಿಲ್ಲಿಸಬೇಕಿತ್ತು ಎಂದರು. ಆದರೆ ಒಮ್ಮೆಗೇ ಬಿಡಬಾರದು, ಹೇಳಿದಂತೆ ಇಳಿಸುತ್ತ ಬರಬೇಕು. ಪೂರ್ತಿ ಮೊದಲಿನಂತಾಗುತ್ತಾರೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಹಾಯೆನಿಸಿದ ದಿನಗಳನ್ನು ನೆನೆದು ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾತ್ರೆ ಅರ್ಧವಾಯಿತು, ಕಾಲಾಯಿತು, ಕೊನೆಗೆ ನಿಂತಿತು. ಸೊಸೆ ದಿನಾ ಅತ್ತೆಯನ್ನು ಅಂಗಡಿಗೆ ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಳು. ವಾರಗಳು ಕಳೆದಂತೆ ನಡುಕ ಇಳಿಯಿತು, ಹೆಜ್ಜೆ ಮೇಲೆದ್ದಿತು. ಮಾತು ಮಾತ್ರ ಹೂಂ, ಉಹೂಂಗಳಾಚೆ ಹೋಗಲಿಲ್ಲ. ಆ ಮುಖವನ್ನೇ ನೋಡುತ್ತ ಹೊಲಿದರೆ ಕೆಲಸ ನೆಟ್ಟಗಾಗುತ್ತದೆಯೇ?

ಒಂದು ಬೆಳಿಗ್ಗೆ ಅತ್ತೆ ಅವಳ ಕೈಯಿಂದ ಪ್ಯಾಂಟು ಕಿತ್ತುಕೊಂಡರು. ಎದುರಿಗೇ ಗಿರಾಕಿ ನಿಂತಿದ್ದ.

"ಜಿಪ್ಪು ತಲೆಕೆಳಗೆ ಹಚ್ಚಿದ್ದೀಯಲ್ಲೇ. ಅರ್ಜೆಂಟಾದಾಗ ಪಾಪ ಇವನೇನು ಮಾಡ್ಬೇಕು?"

ಗಿರಾಕಿ ಕೆಂಪಾದ. ಹಿಂದೆಲ್ಲ ಇಂಥ ಮಾತಿಗೆ ಸೊಸೆಯ ಮೈ ಉರಿಯುತ್ತಿತ್ತು. ಈಗ ಹಾಲು ಕುಡಿದಷ್ಟು ಸಂತೋಷವಾಗಿ ನಗು ತಡೆಯಲಾಗಲಿಲ್ಲ, ಅಳುವೂ.

"ಇನ್ನೂ ಬೈಯಿರಿ ಅತ್ತೆ."

"ಬೈತೀನಿ. ಮೊದ್ಲು ಕಣ್ಣೊರೆಸ್ಕೋ, ಬಟ್ಟೆ ಕಲೆಯಾಗತ್ತೆ" ಎಂದ ಅತ್ತೆ, ಅವಳು ಒರೆಸಿಕೊಳ್ಳುವವರೆಗೂ ಕಾಯದೆ ತಾವೇ ಹೆಬ್ಬೆರಳಿನಿಂದ ಒರೆಸಿದರು.