ಬೀಗದೊಳಗಿನ ಸುದ್ದಿ

ಕೆಳಗಿನ ಕೇರಿಯ ನಲ್ಲಿ ನೀರಿಗೆ ಬಣ್ಣದ ಕಾರ್ಖಾನೆಯ ವಿಷ ಸೇರುತ್ತಿದೆ ಎಂದು ಊರಿನ ಪತ್ರಿಕೆಯೊಂದರ ವರದಿಗಾರ್ತಿ ಪತ್ತೆಹಚ್ಚಿ ಬರೆದಿದ್ದಳು. ಬೆಳಿಗ್ಗೆ ಅದು ಪತ್ರಿಕೆಯ ಜಾಲತಾಣದಲ್ಲಿ ಬಂತು. ಆದರೆ ಎರಡು ಸಾಲಿನ ಕೆಳಗೆ ಬೀಗ ಬಿದ್ದಿತ್ತು: ಚಂದಾದಾರರಿಗೆ ಮಾತ್ರ.

"ಇದೊಂದನ್ನಾದ್ರೂ ಎಲ್ರೂ ಓದೋ ಹಾಗೆ ಬಿಡಿ ಸಾರ್," ಎಂದು ಸಂಪಾದಕರ ಮುಂದೆ ಗೋಗರೆದಳು.

"ಆ ಕಾರ್ಖಾನೆಯೋರ ಜಾಹೀರಾತು ನಾವು ಬೇಡ ಅಂದಿದ್ದಕ್ಕೇ ಇದನ್ನ ಬರೆಯೋಕಾಯ್ತು ಕಣಮ್ಮ. ಚಂದಾನೂ ಬೇಡ ಅಂದ್ರೆ ಬಾಗಿಲು ಹಾಕ್ಕೊಂಡು ಹೋಗ್ಬೇಕು," ಎಂದರು ಅವರು. ಅದು ಸುಳ್ಳಾಗಿರಲಿಲ್ಲ.

ಅವಳು ಅದೇ ಕೇರಿಯಲ್ಲಿದ್ದ ಅಕ್ಕನ ಮನೆಗೆ ಓಡಿದಳು.

"ನನಗೇನೋ ನೀನು ಮೊದಲೇ ಹೇಳಿದ್ದೆ, ಆ ನೀರು ಮುಟ್ತಿಲ್ಲ," ಎಂದಳು ಅಕ್ಕ. "ಉಳಿದೋರಿಗೆ ಕಾರ್ಖಾನೆಯೋರ ವಿಡಿಯೋ ಪುಕ್ಕಟೆ ಬಂದಿದೆ, ನೀರಿಗೇನೂ ಆಗಿಲ್ಲ ಅಂತ. ಅದನ್ನೇ ನಂಬಿದಾರೆ."

ಅವಳು ಬೀದಿ ನಲ್ಲಿಯ ಬಳಿ ನಿಂತು ತನ್ನ ವರದಿಯನ್ನು ಫೋನಿನಿಂದ ಗಟ್ಟಿಯಾಗಿ ಓದತೊಡಗಿದಳು. ಇಬ್ಬರು ತುಂಬಿದ ಕೊಡ ಚೆಲ್ಲಿ ಹೋದರು. ಮಗುವನ್ನೆತ್ತಿಕೊಂಡಿದ್ದ ಪಕ್ಕದ ಮನೆಯಾಕೆ ಮಾತ್ರ ನಕ್ಕಳು.

"ನಿಮ್ಮ ಪೇಪರ್‌ನೋರು ದುಡ್ಡಿಗೋಸ್ಕರ ಹೆದರಿಸ್ತಾರೆ ಅಂತ ಆ ವಿಡಿಯೋದಲ್ಲೇ ಹೇಳಿದಾರೆ ಬಿಡಿ," ಎನ್ನುತ್ತ ಮಗುವಿನ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದಳು.