ಗುರುವಾರದ ನೀರು

ಡೆಟ್ಲೆಫ್ ಅಕ್ಕನ ತೋಳು ಹಿಡಿದು ಬಲಕ್ಕೆ ಎಳೆಯುತ್ತಿದ್ದ. ಎಡಕ್ಕೆ ತಿರುಗಿದರೆ ಅಮ್ಮನ ಸಮಾಧಿ ಸಿಗಬೇಕಿತ್ತು, ಅಲ್ಲಿದ್ದದ್ದು ಕುಂಬಳಬಳ್ಳಿ.

"ಬಿಡೋ ಕೈನ," ಎಂದಳು ಸಿಲ್ಕೆ. "ಅಪ್ಪನ್ನ ಈಗಷ್ಟೇ ಮಣ್ಣು ಮಾಡಿದೀವಿ. ಅಮ್ಮಂಗೆ ಒಂದು ಮಾತು ಹೇಳ್ದೆ ಹ್ಯಾಂಬರ್ಗ್ ರೈಲು ಹತ್ತಲಾ?"

"ಮಣ್ಣಿಗೆ ಬಂದೋರೆಲ್ಲ ಕೇಕಿಗೆ ಕಾಯ್ತಿದಾರೆ ಅಕ್ಕಾ. ತಣ್ಣಗಾಗತ್ತೆ."

"ಕೇಕು ತಣ್ಣಗಾಗತ್ತೇನೋ?"

ಲೋಥರ್ ಮೇಸ್ತ್ರಿಯ ಅಂತ್ಯಸಂಸ್ಕಾರಕ್ಕೆ ಇಡೀ ಬರ್ಲಿನ್ನೇ ಬಂದಿತ್ತು. ಅಂದರೆ ಹನ್ನೊಂದು ಜನ, ಒಂದು ನಾಯಿ. ಯುದ್ಧದಲ್ಲಿ ಬಿದ್ದ ಊರಿನ ಅರ್ಧವನ್ನು ತಾನೊಬ್ಬನೇ ಕಟ್ಟಿದೆ, ಉಳಿದರ್ಧ ಕಟ್ಟಿದವರಿಗೆ ಕರಣೆ ಹಿಡಿಯಲು ಕಲಿಸಿದೆ ಎಂದು ಅವನು ಹೇಳುತ್ತಿದ್ದ. ಅವನು ಕಟ್ಟಿದ ಬೇಕರಿ ವ್ಯಾಯಾಮಶಾಲೆಯಾಯಿತು, ಶಾಲೆ ಫ್ಲ್ಯಾಟುಗಳಾಯಿತು, ಬಿಯರ್ ಕಾರ್ಖಾನೆಯಲ್ಲಿ ಈಗ ಮಕ್ಕಳು ಈಜು ಕಲಿಯುತ್ತಾರೆ. "ಗೋಡೆ ನಂದು. ಒಳಗೆ ಯಾರಾದ್ರೂ ಕುಣ್ಕೊಳ್ಲಿ," ಎನ್ನುತ್ತಿದ್ದ. ಬೇಡಿದ್ದು ಒಂದೇ: ಸತ್ತ ಮೇಲೆ ಹೆಂಡತಿ ಇಲ್ಜೆಯ ಪಕ್ಕದಲ್ಲಿ ಜಾಗ. ಸಿಕ್ಕಿದ್ದು ಸ್ಮಶಾನದ ಇನ್ನೊಂದು ಮೂಲೆ. ಅಮ್ಮನ ಸಾಲು ಭರ್ತಿಯಾಗಿದೆ ಎಂದು ಡೆಟ್ಲೆಫ್ ಅಕ್ಕನಿಗೆ ಹೇಳಿಬಿಟ್ಟಿದ್ದ.

*

ಬರ್ಲಿನ್ನಿನಲ್ಲಿ ಸತ್ತವರೂ ಬಾಡಿಗೆದಾರರೇ. ಜಾಗದ ಇಪ್ಪತ್ತು ವರ್ಷದ ಅವಧಿ ಮುಗಿದಾಗ ಅಮ್ಮನ ಕಲ್ಲಿನ ಮೇಲೆ ಹಳದಿ ಚೀಟಿ ಅಂಟಿತ್ತು: ನವೀಕರಣಕ್ಕೆ ಕಚೇರಿಗೆ ಬನ್ನಿ. ಅಪ್ಪ ಆಗಲೇ ವೃದ್ಧಾಶ್ರಮ ಸೇರಿ, ಸಮಾಧಿಯ ಕೆಲಸವನ್ನು ಮಗನಿಗೆ ಒಪ್ಪಿಸಿದ್ದ. ಮುಂದಿನ ವಾರ ಹೋದರಾಯಿತು ಎಂದುಕೊಂಡ ಡೆಟ್ಲೆಫ್. ಆ ಮುಂದಿನ ವಾರ ಎರಡು ಚಳಿಗಾಲಗಳನ್ನು ನುಂಗಿತು. ಆಮೇಲೆ ಬಂದರೆ ಕಲ್ಲೇ ಇರಲಿಲ್ಲ. ಹೂಳುವವರು ಕಡಿಮೆಯಾದರೆಂದು ಆ ಭಾಗವನ್ನು ಬಡಾವಣೆಯವರಿಗೆ ತರಕಾರಿ ಬೆಳೆಯಲು ಕೊಟ್ಟಿದ್ದರು.

ಪ್ರತಿ ಭಾನುವಾರ ಅಪ್ಪ ಕೇಳುತ್ತಿದ್ದ: "ಅಮ್ಮಂಗೆ ನೀರು ಹಾಕಿದ್ಯಾ?"

"ಹಾಕ್ದೆ ಅಪ್ಪ. ಹೂ ಚೆನ್ನಾಗಿ ಬಿಟ್ಟಿದೆ."

"ಯಾವ ಬಣ್ಣ?"

"ಕೆಂಪು."

"ಸರಿ," ಎಂದು ಅಪ್ಪ ಕಿಟಕಿಯತ್ತ ತಿರುಗುತ್ತಿದ್ದ.

*

ಸಿಲ್ಕೆ ಕೈ ಕೊಸರಿಕೊಂಡು ಎಡಕ್ಕೆ ನಡೆದಳು. ಅಲ್ಲೊಂದು ಕುಂಬಳಕಾಯಿ ಬಿದ್ದಿತ್ತು. ಎತ್ತಲು ಲೋಥರನ ಕಾಲದ ಕ್ರೇನೇ ಬೇಕು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಹೆಸರು ಗುಲ್ಶೆನ್ ಎಂದಳು.

"ಲೋಥರಜ್ಜನ ಮಕ್ಕಳಾ? ಅದೇ ಮೂಗು! ಗುರುವಾರ ಬರ್ಲಿಲ್ಲ, ಆಗಲೇ ಅನ್ಕೊಂಡೆ."

"ಅಪ್ಪ ಇಲ್ಲಿಗೆ ಬರ್ತಿದ್ರಾ?" ಎಂದಳು ಸಿಲ್ಕೆ.

"ಮೂರು ಬೇಸಿಗೆಯಿಂದ. ಗಾಲಿಕುರ್ಚೀಲಿ ಬಂದು, ನಾವಿಟ್ಟ ಇಟ್ಟಿಗೆ ಸೊಟ್ಟ ಅಂತ ಬೈದು, ಈ ಪಾತಿಗೆ ನೀರು ಹಾಕಿ ಹೋಗೋರು. ನಾವಿದೀವಲ್ಲಜ್ಜ ಅಂದ್ರೆ, ಭಾನುವಾರದ್ದು ನನ್ನ ಮಗಂದು, ಗುರುವಾರದ್ದು ನಂದು ಅನ್ನೋರು." ಅವಳು ಡೆಟ್ಲೆಫ್‌ನ ಮುಖ ನೋಡಿದಳು. "ಭಾನುವಾರ ನಿಮ್ಮನ್ನ ಒಂದು ಸಲಾನೂ ಕಾಣ್ಲಿಲ್ಲ. ಬೆಳಗ್ಗೆ ಬೇಗ ಬರ್ತೀರೇನೋ."

"ಡೆಟ್ಲೆಫ್," ಎಂದಳು ಸಿಲ್ಕೆ, ನಿಧಾನವಾಗಿ. "ಅಮ್ಮ ಎಲ್ಲೋ?"

ಡೆಟ್ಲೆಫ್ ನಲ್ಲಿಯತ್ತ ನಡೆದ. ನಲ್ಲಿಯ ಬಳಿಯ ಕಂಬಿಗೆ ಒಂದೊಂದು ಮನೆಯವರ ನೀರಿನ ಕ್ಯಾನು ಬೀಗ ಹಾಕಿಕೊಂಡು ನೇತಾಡುತ್ತಿತ್ತು. ತಮ್ಮ ಕ್ಯಾನಿನ ಎರಡು ಕೀಲಿಗಳಲ್ಲಿ ಅಪ್ಪ ಕೊಟ್ಟಿದ್ದ ಒಂದು ಇಷ್ಟು ವರ್ಷ ಅವನ ಗೊಂಚಲಿನಲ್ಲಿ ಸುಮ್ಮನೆ ತೂಗಿತ್ತು. ಬೀಗ ತುಕ್ಕು ಹಿಡಿದಿರಬೇಕು ಎಂದುಕೊಂಡ. ಯಾರೋ ಎಣ್ಣೆ ಹಾಕಿಟ್ಟಿದ್ದರು, ತಕ್ಷಣ ತೆರೆಯಿತು.

ಕ್ಯಾನು ತುಂಬಿ ತಂದು ಪಾತಿಗೆ ಸುರಿದ. ಹಳದಿ ಹೂವೊಂದು ತಲೆದೂಗಿತು. ಕುಂಬಳಕಾಯಿಗೆ ಮೆತ್ತಿದ್ದ ಮಣ್ಣು ನೀರಿನೊಂದಿಗೆ ಇಳಿಯಿತು. ಎಳೆಗಾಯಾಗಿದ್ದಾಗ ಮೊಳೆಯಿಂದ ಗೀರಿದ ಅಕ್ಷರಗಳು ಕಾಯಿಯ ಜೊತೆಗೇ ಉಬ್ಬಿ ಬೆಳೆದಿದ್ದವು, ಇಟ್ಟಿಗೆಯ ಸಾಲಿನಷ್ಟು ನೇರವಾಗಿ: ಇಲ್ಜೆ.